ದೇಶ ಬಿಡಿಸಿದ ಷಡ್ಡಕನೂ ಎಂಟು ಅಲಸಂದೆ ಕಾಳೂ

ನನ್ನ ಷಡ್ಡಕ ಒಂದು ದೇಶಕ್ಕೆ ಸ್ವಾತಂತ್ರ್ಯ ಕೊಡಿಸಿದವನು. ನಗಬೇಡಿ! ನಿಮ್ಮ ಷಡ್ಡಕಂದಿರು ಬಹಳವೆಂದರೆ ಅತ್ತೆಗೆ ಒಂದು ಸೀರೆ ಕೊಡಿಸಿರಬಹುದು, ಮಾವನಿಗೆ ಒಂದು ಕೊಡೆ. ನನ್ನವನು ಇಡೀ ಒಂದು ದೇಶವನ್ನೇ ಬಿಡಿಸಿಕೊಟ್ಟು, ಬೂಟಿನ ಮಣ್ಣು ಒದರಿಕೊಂಡು ಹೊಳಲಿನ ನಮ್ಮ ಮಾವನ ಮನೆಯ ಜಗಲಿಗೆ ಬಂದು ಕೂತವನು. ಅಂಥವನ ಪಕ್ಕದಲ್ಲಿ ಮಳವಳ್ಳಿಯ ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಮಾಡುವ ನಾನು ಕೂರಬೇಕಾಗಿತ್ತು. ನನ್ನ ಪಾಡು ಏನಾಗಿರಬೇಕು, ನೀವೇ ಹೇಳಿ.

ಇದು ಹೊಟ್ಟೆಕಿಚ್ಚಿನ ಬರಹ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಪ್ಪಿಕೊಳ್ಳದಿದ್ದರೂ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ನಿಮಗೇ ಹೊಗೆ ಕಾಣಿಸುತ್ತದೆ.

ನಾನು ಆ ಮನೆಯ ಹಿರಿಯ ಅಳಿಯ. ಆತ ಎರಡನೆಯವನು. ಮದುವೆಯಾಗಿ ಆರು ವರ್ಷ ಆತ ಸೈನ್ಯದಲ್ಲೇ ಇದ್ದು, ರಜೆಗೆ ಬಂದು ರಜೆ ಮುಗಿಯುತ್ತಲೇ ಹೋಗಿಬಿಡುತ್ತಿದ್ದುದರಿಂದ ನನಗೆ ಯಾವ ತೊಂದರೆಯೂ ಇರಲಿಲ್ಲ. ನಮ್ಮ ಸೈನ್ಯ ಪೂರ್ವ ಬಂಗಾಳಕ್ಕೆ ಹೋಗಿ ಗೆದ್ದು ಬಂತಲ್ಲ, ಆ ಯುದ್ಧ ಮುಗಿದ ಮರುವರ್ಷ ಈತ ಹವಲ್ದಾರನಾಗಿ ನಿವೃತ್ತನಾಗಿ ಮದ್ದೂರಿನ ಒಂದು ಅಕ್ಕಿ ಗಿರಣಿಯಲ್ಲಿ ಕಾವಲಿಗೆ ಸೇರಿಕೊಂಡ. ನನ್ನ ಕಷ್ಟಗಳು ಶುರುವಾದದ್ದು ಅಲ್ಲಿಂದ.

ಮದ್ದೂರಿನಲ್ಲಿ ಮನೆ ಮಾಡಿದವನಿಗೆ ಒಂದು ಅನ್ಯಾಯದ ಅನುಕೂಲವಿದೆ. ಬಸ್ಸು ಹತ್ತುವ ಮುಂಚೆ ಒಂದು ಪೊಟ್ಟಣ ವಡೆ ಕಟ್ಟಿಸಿಕೊಂಡರೆ ಸಾಕು, ಎಂಥ ಮನೆಯ ಬಾಗಿಲೂ ತಾನಾಗಿ ತೆರೆಯುತ್ತದೆ. ಈರುಳ್ಳಿ ವಾಸನೆ ಓಣಿಯ ತಿರುವಿಗೆ ಬರುತ್ತಿದ್ದಂತೆಯೇ ಅತ್ತೆ ಒಳಗಿನಿಂದ ‘ಬಂದ್ಯಾ ಮಗಾ?’ ಎನ್ನುತ್ತಿದ್ದರು. ಮಳವಳ್ಳಿಯಿಂದ ನಾನು ಏನು ತರಲಿ? ಬಾಳೆಹಣ್ಣು ತಂದರೆ ಅವರ ಹಿತ್ತಲಲ್ಲೇ ಗೊನೆ ತೂಗುತ್ತಿತ್ತು. ಬೆಲ್ಲ ತಂದರೆ ಮಾವ ‘ನಮ್ ಆಲೆಮನೇಲಿ ಬೆಲ್ಲ ಇಲ್ಲ ಅಂದ್ಕಂಡ್ರಾ ಮೇಷ್ಟ್ರೇ?’ ಎಂದು ಬೇಜಾರು ಮಾಡಿಕೊಳ್ಳುತ್ತಿದ್ದರು. ಹತ್ತು ವರ್ಷದಿಂದ ಆ ಮನೆಯ ಮುದ್ದೆ ಉಂಡರೂ ನಾನು ಎಲ್ಲರಿಗೂ ‘ಮೇಷ್ಟ್ರೇ’. ಆತ ಮೊದಲ ಪೊಟ್ಟಣಕ್ಕೇ ‘ಮಗ’!

ಊಟದ ಮಾತು ಎತ್ತಬಾರದು ಎಂದುಕೊಂಡಿದ್ದೆ, ಆದರೆ ಎತ್ತುತ್ತೇನೆ. ಬಾಡೂಟದ ದಿನ ಆತ ಬರುವ ಮುಂಚೆ ಮಜ್ಜೆ ತುಂಬಿದ ನಲ್ಲಿಮೂಳೆ ನನ್ನ ತಟ್ಟೆಗೆ ಬೀಳುತ್ತಿತ್ತು. ಕಾನೂನೇನಲ್ಲ, ರೂಢಿ. ಆತ ಬಂದ ಮೇಲೆ ಅದು ಆತನ ತಟ್ಟೆಗೆ ಬಿತ್ತು. ನನಗೆ ಬಂದದ್ದು ಸೌತೆಕಾಯಿ. ‘ಮೇಷ್ಟ್ರಿಗೆ ಮೂಳೆ ಕಡಿಯಕ್ಕೆ ಕಷ್ಟ ಅಲ್ವಾ’ ಎಂದು ಅತ್ತೆ ಕನಿಕರದಿಂದಲೇ ಹೇಳಿದರು. ನನ್ನ ಮೂವತ್ತೆರಡು ಹಲ್ಲುಗಳೂ ಆಗ ನನ್ನ ಬಾಯಲ್ಲೇ ಇದ್ದವು.

ಇನ್ನು ಆತನ ಇಸ್ತ್ರಿ. ದೇವರೇ, ಆ ಇಸ್ತ್ರಿ! ಬೆಳಗಿನ ಐದಕ್ಕೆ ಎದ್ದು, ಒಲೆಯ ಕೆಂಡವನ್ನು ಹಿತ್ತಾಳೆ ಚೊಂಬಿಗೆ ತುಂಬಿ, ಅದರ ಬಾಯಿಗೆ ಬಟ್ಟೆ ಸುತ್ತಿ ಹಿಡಿದು, ಜಗಲಿಯ ಮೇಲೆ ಕಂಬಳಿ ಹಾಸಿಕೊಂಡು ಮನೆಯಲ್ಲಿದ್ದ ಬಟ್ಟೆಗೆಲ್ಲ ಇಸ್ತ್ರಿ ಮಾಡುವುದು ಆತನ ಪದ್ಧತಿ. ಮಾವನ ಪಟಾಪಟಿ ಚಡ್ಡಿಗೆ ಗೆರೆ ಬಂತು. ನಾದಿನಿಯ ಜಡೆಯ ರಿಬ್ಬನ್ನಿಗೂ ಇಸ್ತ್ರಿ. ಒಲೆಯ ಮುಂದಿನ ಮಸಿಬಟ್ಟೆಯನ್ನೂ ಬಿಡಲಿಲ್ಲ ಎಂದರೆ ನಂಬುತ್ತೀರಾ? ಇಸ್ತ್ರಿಗೆ ಮುಂಚೆ ಜೇಬು ಖಾಲಿ ಮಾಡಿ, ಸಿಕ್ಕಿದ್ದನ್ನೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಜೋಡಿಸಿ, ಪಟ್ಟಿ ಕೂಗುತ್ತಿದ್ದ. ಇಸ್ತ್ರಿ ಮುಗಿದ ಮೇಲೆ ಅದೇ ಜೇಬಿಗೆ ಅದೇ ವಸ್ತು ವಾಪಸು. ಸೈನ್ಯದ ಶಿಸ್ತಂತೆ.

‘ಮೇಷ್ಟ್ರಣ್ಣನ ಜುಬ್ಬ! ಸೀಮೆಸುಣ್ಣ ಎಲ್ಡು! ಬಸ್ ಟಿಕೀಟು ಮೂರು! ಬೀಡಿ ಅರ್ಧ!’

ನಾನು ಬೀಡಿ ಸೇದುವ ವಿಷಯ ಹತ್ತು ವರ್ಷದ ದಾಂಪತ್ಯದಲ್ಲಿ ನನ್ನ ಹೆಂಡತಿಗೆ ತಿಳಿದದ್ದು ಹೀಗೆ. ಅಷ್ಟಾದರೂ ಅವಳು ಬೈದದ್ದು ನನ್ನನ್ನು, ಹೊಗಳಿದ್ದು ಆತನನ್ನು. ‘ಹವಲ್ದಾರ್ರು ಇಸ್ತ್ರಿ ಮಾಡಿದ್ರೆ ನಿಮ್ ಜುಬ್ಬಾನೂ ಮನುಷ್ಯರು ಹಾಕ್ಕೊಳೋ ಹಾಗೆ ಕಾಣುತ್ತೆ’ ಎಂದಳು. ಅಲ್ಲಿಯವರೆಗೆ ಅದನ್ನು ಹಾಕಿಕೊಳ್ಳುತ್ತಿದ್ದವರು ಯಾರಂತೆ?

ದೇಶ ಬಿಡಿಸಿದ ಕಥೆ ಪ್ರತಿ ಸಲವೂ ಇರುತ್ತಿತ್ತು. ಜಗಲಿಯ ತುಂಬ ಜನ. ಹೊಳೆ ದಾಟಿದ್ದು, ಕೆಸರಲ್ಲಿ ಲಾರಿ ಹೂತದ್ದು, ಊರಿನವರು ಹೂವು ಎರಚಿದ್ದು. ಕಡೆಗೆ ಒಂದು ಮುದುಕಿಯ ಪ್ರಸಂಗ. ಆ ಮುದುಕಿ ಗುಡಿಸಲಿಂದ ಹೊರಗೆ ಬಂದು, ಮೊರದಲ್ಲಿ ಪುರಿ ತಂದು ಈತನಿಗೆ ಕೊಟ್ಟು, ತಲೆ ಮುಟ್ಟಿದಳಂತೆ. ಅಲ್ಲಿಗೆ ಆತ ಕಥೆ ನಿಲ್ಲಿಸುತ್ತಿದ್ದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೋಗಿ ಆತನಿಗೆ ಒಂದು ಲೋಟ ಮಜ್ಜಿಗೆ ತರುತ್ತಿದ್ದರು. ಪಕ್ಕದಲ್ಲೇ ಕೂತ ನಾನೂ ಗಂಟಲು ಒಣಗಿಸಿಕೊಂಡೇ ಇರುತ್ತಿದ್ದೆ.

ಕೊನೆಗೆ ನಾನು ಬಾಯಿ ಬಿಟ್ಟೆ. ನಾನು ಪೌರನೀತಿಯ ಮೇಷ್ಟರು, ದಿನಪತ್ರಿಕೆಯನ್ನು ಮೊದಲ ಪುಟದಿಂದ ಕಡೆಯವರೆಗೆ ಓದುವವನು. ವಿಯೆಟ್ನಾಮಿನಲ್ಲಿ ಅಮೆರಿಕದವರು ಇಷ್ಟು ವರ್ಷ ಬಾಂಬು ಸುರಿದು ಯಾರಿಗೆ ಯಾವ ಸ್ವಾತಂತ್ರ್ಯ ಕೊಟ್ಟರು?

‘ಹವಲ್ದಾರ್ರೇ, ಪ್ರಜಾಪ್ರಭುತ್ವ ಅನ್ನೋದು ಹೊರಗಿನೋರು ಬಂದೂಕು ಹಿಡ್ಕೊಂಡು ಬಂದು ಹಂಚೋ ಪ್ರಸಾದ ಅಲ್ಲ. ಅದು ಆಯಾ ಮನೆಯೊಳಗೆ ತಾನಾಗಿ ಹುಟ್ಟಬೇಕು’ ಎಂದೆ.

‘ಅಣ್ಣಾ, ಪಕ್ಕದ್ ಮನೆಗೆ ಬೆಂಕಿ ಬಿದ್ದಾಗ ನೀರು ತಂದೋನ್ನ ಯಾವೂರ್ಲಾ ನಿಂದು ಅಂತ ಕೇಳ್ತಾರಾ?’

‘ಕೇಳಲ್ಲ. ಆದ್ರೆ ಬೆಂಕಿ ಆರಿದ್ಮೇಲೆ ಅವನು ಅಲ್ಲೇ ಚಾಪೆ ಹಾಸ್ಕೊಂಡು ಮಲಗಿದ್ರೆ ಕೇಳ್ತಾರೆ!’

‘ನಾವು ಮಲಗ್ನಿಲ್ಲ ಕಣಣ್ಣ. ಎದ್ದು ಬಂದೋ.’

ಜಗಲಿಯವರೆಲ್ಲ ಹೋ ಎಂದು ನಕ್ಕರು. ಯಾರ ಕಡೆ ನೋಡಿ ನಕ್ಕರು ಎಂದು ಬಿಡಿಸಿ ಹೇಳಬೇಕೆ? ಮಾತಿನಲ್ಲಿ ಬದುಕುವ ಮೇಷ್ಟರಿಗೆ ಬಂದೂಕಿನವನು ಮಾತಿನಲ್ಲೇ ಹೊಡೆದಿದ್ದ. ಆ ಉರಿಗೆ ಅತ್ತೆ ಒಂದು ಮಡಕೆ ಮಜ್ಜಿಗೆ ಕೊಟ್ಟಿದ್ದರೂ ಸಾಲುತ್ತಿರಲಿಲ್ಲ.

ಆದರೆ ದೇವರು ನನಗೂ ಒಂದು ಅವಕಾಶ ಕೊಟ್ಟ. ಮಾವನವರ ಮನೆಯಲ್ಲಿ ಒಂದು ರೇಡಿಯೋ ಇತ್ತು. ಅದು ಬೀರುವಿನಲ್ಲಿ ಇರುತ್ತಿತ್ತು, ಬೀರುವಿನ ಬೀಗದ ಕೈ ಮಾವನ ಉಡಿದಾರದಲ್ಲಿ ಇರುತ್ತಿತ್ತು. ರೈತರಿಗೆ ಸಲಹೆ ಮತ್ತು ವಾರ್ತೆ, ಇವೆರಡಕ್ಕೆ ಮಾತ್ರ ಅದಕ್ಕೆ ಬಿಡುಗಡೆ. ಹೆಂಗಸರು ಹಾಡು ಕೇಳಬೇಕೆಂದರೆ ಪಕ್ಕದ ಮನೆಯ ಗೋಡೆಗೆ ಕಿವಿ ಕೊಡಬೇಕು. ನಮ್ಮ ಹವಲ್ದಾರ ಒಂದು ದಿನ ಮಾವನ ಜೊತೆ ಅದೇನು ಮಾತಾಡಿದನೋ, ರೇಡಿಯೋ ಬಂದು ನಡುಮನೆಯ ಗೂಡಿನಲ್ಲಿ ಕೂತಿತು. ‘ಇವತ್ತಿಂದ ರೇಡಿಯೋಗೆ ಸ್ವಾತಂತ್ರ್ಯ! ಯಾರ್ ಬೇಕಾರೂ ತಿರುಗಿಸ್ಬೋದು’ ಎಂದು ಘೋಷಣೆಯಾಯಿತು.

ಏನಾಯಿತು ಗೊತ್ತೆ? ಮೂರು ದಿನ ಒಬ್ಬರೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಅತ್ತೆ ಧೈರ್ಯ ಮಾಡಿ ಗದ್ದೆಯವರೆಗೆ ನಡೆದು ಹೋಗಿ, ನೀರು ಕಟ್ಟುತ್ತಿದ್ದ ಮಾವನನ್ನು ಕೇಳಿದರಂತೆ: ‘ಅಲ್ಲಾ, ರೇಡಿಯೋ ಯಾರ್ ಬೇಕಾರೂ ಆಕ್ಬೋದು ಅಂದವ್ನಲ್ಲ ಮಗ, ನಾನು ಆಕ್ಲಾ?’

ಈ ಸುದ್ದಿ ಮಳವಳ್ಳಿಗೆ ಬಂದ ದಿನ ನಾನು ಎರಡು ಮುದ್ದೆ ಹೆಚ್ಚಿಗೆ ಉಂಡೆ. ನೋಡಿದಿರಾ? ಹೊರಗಿನವನು ಬೀಗ ತೆಗೆಸಬಹುದು. ಕೈ ಚಾಚಬೇಕಾದವರು ಒಳಗಿನವರೇ ಅಲ್ಲವೇ? ನನ್ನ ಸಿದ್ಧಾಂತಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಇನ್ನು ಮುಂದೆ ನಗುವ ವಿಷಯ ಸ್ವಲ್ಪ ಕಡಿಮೆ. ನನ್ನ ಕಿರಿಯ ನಾದಿನಿ ಚಿಕ್ತಾಯಿ ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದಳು. ಪಿಯುಸಿಗೆ ಮಂಡ್ಯಕ್ಕೆ ಹೋಗಬೇಕೆಂಬುದು ಅವಳ ಆಸೆ. ಮಾವ ‘ಬ್ಯಾಡ’ ಎಂದರು. ಗಂಡು ನೋಡಲು ಆಗಲೇ ಮಾತು ಶುರುವಾಗಿತ್ತು. ಅವಳು ಮೊದಲು ಬಂದದ್ದು ನನ್ನ ಹತ್ತಿರ.

‘ಮೇಷ್ಟ್ರು ಭಾವ, ನೀವ್ ಏಳಿದ್ರೆ ಅಪ್ಪ ಕೇಳ್ತಾರೆ. ಒಂದ್ ಮಾತು ಏಳಿ ಭಾವ.’

ನಾನು ಮಾವನ ಮೀಸೆ ನೆನೆಸಿಕೊಂಡು ‘ನೋಡೋಣ ಕಣಮ್ಮ’ ಎಂದೆ. ಅವಳಿಗೆ ರಜೆಯಲ್ಲೆಲ್ಲ ಪ್ರಬಂಧ ಬರೆಯುವುದನ್ನು ಕಲಿಸಿದವನು ನಾನು. ಮಹಿಳಾ ಶಿಕ್ಷಣದ ಮೇಲೆ ನಾನೇ ಬರೆಸಿದ ಪ್ರಬಂಧವನ್ನು ಅವಳು ಬಾಯಿಪಾಠ ಒಪ್ಪಿಸುತ್ತಿದ್ದಳು. ಆದರೂ ‘ನೋಡೋಣ’ ಎಂದೆ, ಎರಡು ವಾರ ಏನನ್ನೂ ನೋಡಲಿಲ್ಲ. ಅವಳು ಸುಮ್ಮನೆ ಮಿಲ್ಟ್ರಿ ಭಾವನಿಗೆ ಒಂದು ಕಾರ್ಡು ಬರೆದಳು.

ನನಗೆ ಬರೆಯದೆ ಆತನಿಗೆ! ಅಕ್ಷರ ತಿದ್ದಿಸಿದವನು ಯಾರು, ಕಾರ್ಡು ಹೋದದ್ದು ಯಾರಿಗೆ? ನನಗೆ ನಾಚಿಕೆಯಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ಅವೆರಡೂ ಒಂದೇ ಜಾಗದಲ್ಲಿ ಸುಡುವುದರಿಂದ ಆಗ ನನಗೆ ವ್ಯತ್ಯಾಸ ತಿಳಿಯಲಿಲ್ಲ.

ಕಾಲೇಜಿಗೆ ಅರ್ಜಿ ಕೊಡಲು ಸೋಮವಾರ ಕಡೆಯ ದಿನ. ಅದರ ಹಿಂದಿನ ಶನಿವಾರ ಮುನೇಶ್ವರನಿಗೆ ಹರಕೆಯ ಅಡುಗೆ ಎಂದು ನಾವೆಲ್ಲ ಹೊಳಲಿನಲ್ಲಿ ಸೇರಿದ್ದೆವು. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುವಾಗ ಹವಲ್ದಾರ ಮಾವನ ಮುಂದೆ ನಿಂತ.

‘ಮಾವ, ಈ ಮನೇಲಿ ನಿಮ್ ಮಾತು ಯಾರೂ ಮೀರಲ್ಲ ಅಂತೀರಲ್ಲ?’

‘ಊಂ ಮತ್ತೆ. ಯಾವೋಳು ಮೀರ್ತಾಳೆ?’

‘ಅಂಗಾರೆ ಓಟ್ ಆಕ್ಸಿ ನೋಡೇ ಬುಡಣ. ಚಿಕ್ತಾಯಿ ಓದ್ಬೇಕೋ ಬ್ಯಾಡ್ವೋ. ಸಮಸಮ ಬಂದ್ರೂ ನಿಮ್ ಮಾತೇ ಮಾತು. ನಿಮ್ಗೇನ್ ಭಯ?’

ಭಯ ಎಂಬ ಪದ ಬಿದ್ದ ಮೇಲೆ ಮಂಡ್ಯದ ಕಡೆಯ ಯಾವ ಯಜಮಾನ ಹಿಂದೆ ಸರಿದಾನು? ‘ಆಕ್ಸು ಅದೇನ್ ಆಕ್ಸೀಯೋ’ ಎಂದು ಮಾವ ಮೀಸೆ ತಿರುವಿದರು.

ಮತಗಟ್ಟೆ ಬತ್ತದ ಕೋಣೆಯಲ್ಲಿ ಸಿದ್ಧವಾಯಿತು. ಒಳಗೆ ಒಂದು ಗಡಿಗೆ. ಒಬ್ಬೊಬ್ಬರ ಕೈಗೆ ಎರಡು ಅಲಸಂದೆ ಕಾಳು, ಒಂದು ಬಿಳಿ, ಒಂದು ಕೆಂಪು. ಓದಲಿ ಎನ್ನುವವರು ಬಿಳಿಯದನ್ನು ಗಡಿಗೆಗೆ ಹಾಕಬೇಕು, ಬೇಡ ಎನ್ನುವವರು ಕೆಂಪನ್ನು. ಉಳಿದ ಕಾಳನ್ನು ಗುಟ್ಟು ರಟ್ಟಾಗದಂತೆ ಕಿಟಕಿಯಿಂದ ಆಚೆ ಕೋಳಿಗೆ ಎಸೆಯಬೇಕು. ಹೊರಗೆ ಬಂದವರ ಬೆರಳಿಗೆ ಕಾಡಿಗೆಯ ಗುರುತು. ಹವಲ್ದಾರ ಟ್ರಂಕಿನಿಂದ ಹಳೆಯ ಸಮವಸ್ತ್ರ ತೆಗೆದು ತೊಟ್ಟು, ಬೂಟು ಬಿಗಿದು, ಕೈಯಲ್ಲಿ ಮಾವನ ಬಾರುಕೋಲು ಹಿಡಿದು ಕೋಣೆಯ ಬಾಗಿಲಲ್ಲಿ ಸೆಟೆದು ನಿಂತ. ಕೋಳಿಗಳು ಕಿಟಕಿಯ ಹಿಂದೆ ಸಾಲಾಗಿ ನಿಂತವು.

‘ನೀವು ಓಟ್ ಹಾಕಲ್ವಾ?’ ಎಂದೆ.

‘ನಾನು ಆಚೆಯೋನು ಕಣಣ್ಣ. ಬಾಗ್ಲು ಕಾಯೋದಷ್ಟೇ ನನ್ ಕೆಲ್ಸ.’

‘ಹಾಗಾದ್ರೆ ನಾನೂ ಆಚೆಯೋನೇ.’

‘ನೀವಾ? ಹತ್ತೊರ್ಸದಿಂದ ಈ ಮನೆ ಮುದ್ದೆ ಉಂಡಿದ್ದೀರಿ. ನೀವು ಒಳಗಿನೋರು.’

ಈ ಮಾತನ್ನು ಅತ್ತೆಯ ಬಾಯಲ್ಲಿ ಕೇಳಬೇಕೆಂದು ಹತ್ತು ವರ್ಷ ಕಾದಿದ್ದೆ. ಕಡೆಗೂ ಹೇಳಿದವನು ಈತ! ಅದಕ್ಕೂ ಉರಿಯಿತು.

ಮತದಾರರು ಎಂಟು ಜನ. ಮಾವ, ಅತ್ತೆ, ಮಾವನ ವಿಧವೆ ಅಕ್ಕ ದೊಡ್ಡವ್ವ, ಭಾವಮೈದ, ನನ್ನ ಹೆಂಡತಿ, ಆತನ ಹೆಂಡತಿ, ಚಿಕ್ತಾಯಿ, ಆಮೇಲೆ ನಾನು. ದೊಡ್ಡವ್ವ ಒಳಗೆ ಹೋಗಿ ಒಂದು ಗಳಿಗೆ ಬರಲೇ ಇಲ್ಲ. ಬತ್ತದ ಚೀಲಕ್ಕೆ ಒರಗಿ ನಿದ್ದೆ ಹೋಗಿದ್ದಾರೆಂದು ಎಲ್ಲರೂ ಕೂಗಿದ ಮೇಲೆ ‘ಬಂದೆ ಕನ್ರಪ್ಪ, ಸುಮ್ಕಿರಿ!’ ಎನ್ನುತ್ತ ಬಂದರು.

ಕಡೆಗೆ ನಾನು ಹೋದೆ. ಕೋಣೆಯಲ್ಲಿ ಬತ್ತದ ಧೂಳು, ಕಿಟಕಿಯಿಂದ ಒಂದು ಚೂರು ಬಿಸಿಲು. ಅಂಗೈಯಲ್ಲಿ ಎರಡು ಕಾಳು. ಹೊರಗೆ ಆತನ ಬೂಟಿನ ಸದ್ದು. ನನಗೆ ಏನು ಕಾಣಿಸಿತು ಗೊತ್ತೆ? ಚಿಕ್ತಾಯಿ ಕಾಲೇಜಿನ ಮೆಟ್ಟಿಲು ಹತ್ತುವುದು ಕಾಣಿಸಲಿಲ್ಲ. ಹವಲ್ದಾರ ಜಗಲಿಯ ಮೇಲೆ ಕೂತು ‘ಎಲ್ಡು ಬಿಡುಗಡೆ ಮಾಡಿವ್ನಿ, ಒಂದು ಬಂಗಾಳ, ಒಂದು ಚಿಕ್ತಾಯಿ’ ಎಂದು ಹೇಳುವುದು, ಅತ್ತೆ ಮಜ್ಜಿಗೆ ತರುವುದು ಕಾಣಿಸಿತು. ಹೊರಗಿನವರ ಬಲದಿಂದ ಬರುವ ಸ್ವಾತಂತ್ರ್ಯ ನಿಲ್ಲುವುದಿಲ್ಲ ಎಂಬ ನನ್ನ ಸಿದ್ಧಾಂತ ನೆನಪಾಯಿತು. ಸಿದ್ಧಾಂತ ಗೆಲ್ಲಬೇಕಲ್ಲ?

ಕೆಂಪು ಕಾಳು ಗಡಿಗೆಗೆ ಬಿತ್ತು. ಉಳಿದದ್ದನ್ನು ಕೋಳಿಗೆ ಎಸೆಯುವುದು ಮರೆತು, ಜುಬ್ಬದ ಜೇಬಿಗೆ ತುರುಕಿಕೊಂಡು ಹೊರಗೆ ಬಂದೆ.

ಎಣಿಕೆಯಾಯಿತು. ಬಿಳಿ ನಾಲ್ಕು, ಕೆಂಪು ನಾಲ್ಕು. ಹವಲ್ದಾರ ಎರಡು ಸಲ ಎಣಿಸಿದ. ಮಾವ ಎದ್ದು ನಿಂತು ‘ಬ್ಯಾಡ’ ಎಂದರು. ಚಿಕ್ತಾಯಿ ಎಂಜಲು ತಟ್ಟೆಗಳನ್ನೆಲ್ಲ ಎತ್ತಿಕೊಂಡು ಹಿತ್ತಲಿಗೆ ಹೋದಳು. ತಟ್ಟೆ ಉಜ್ಜುವ ಸದ್ದು ಬಹಳ ಹೊತ್ತು ಬರುತ್ತಿತ್ತು.

ಅಷ್ಟಕ್ಕೆ ನಾನು ಸುಮ್ಮನಿದ್ದಿದ್ದರೆ! ಜಗಲಿಯ ಮೇಲೆ ಕಾಲು ಚಾಚಿ ಕೂತು ಭಾಷಣ ಮಾಡಿದೆ. ‘ನಾನು ಹೇಳಿರ್ಲಿಲ್ವಾ? ಬೂಟು ಹಾಕ್ಕೊಂಡು ಬಾಗಿಲಲ್ಲಿ ನಿಂತು ಓಟ್ ಹಾಕಿಸಿದ್ರೆ ಹೀಗೇ ಆಗೋದು. ವಿಯೆಟ್ನಾಮಲ್ಲಿ ಆಗಿದ್ದೂ ಇದೇ.’ ಹವಲ್ದಾರ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ‘ಊಂ ಕಣಣ್ಣ’ ಎಂದ, ಅಷ್ಟೇ.

ಬೆಳಿಗ್ಗೆ ನನಗೆ ಬೇಗ ಎಚ್ಚರವಾಯಿತು. ಕಂಬಳಿಯೊಳಗಿಂದಲೇ ನೋಡಿದೆ. ಜಗಲಿಯಲ್ಲಿ ಕೆಂಡದ ಚೊಂಬು, ಗೂಟದಿಂದ ಇಳಿಸಿದ ನನ್ನ ಜುಬ್ಬ. ಆತ ಜೇಬಿಗೆ ಕೈ ಹಾಕಿದ. ಪೆನ್ನು ಮೆಟ್ಟಿಲ ಮೇಲೆ ಬಂತು. ಬಸ್ಸಿನ ಟಿಕೀಟು ಬಂತು. ಆಮೇಲೆ ಎರಡು ಬೆರಳಿನ ನಡುವೆ ಅದು ಬಂತು. ಆತ ಅದನ್ನು ಬೆಳಕಿಗೆ ಹಿಡಿದು ನೋಡಿದ. ಈಗ ಕೂಗುತ್ತಾನೆ, ‘ಮೇಷ್ಟ್ರಣ್ಣನ ಜುಬ್ಬ! ಬಿಳಿ ಅಲಸಂದೆ ಒಂದು!’ ಎಂದು. ಒಳಗೆ ಹೆಂಗಸರೆಲ್ಲ ಎದ್ದಿದ್ದಾರೆ. ಚಿಕ್ತಾಯಿ ಬಾಗಿಲು ಸಾರಿಸುತ್ತಿದ್ದಾಳೆ, ಎರಡು ಮಾರು ದೂರದಲ್ಲಿ.

ಆ ದಿನ ಮಾತ್ರ ಆತ ಪಟ್ಟಿ ಕೂಗಲಿಲ್ಲ. ಜುಬ್ಬಕ್ಕೆ ಇಸ್ತ್ರಿ ಮಾಡಿ, ಪೆನ್ನು, ಟಿಕೀಟು, ಕಾಳು, ಮೂರನ್ನೂ ಅದೇ ಜೇಬಿಗೆ ಹಾಕಿ, ಮಡಿಸಿ ನನ್ನ ತಲೆದಿಂಬಿನ ಪಕ್ಕ ಇಟ್ಟು ಹೋದ. ನಾನು ನಿದ್ದೆಯಲ್ಲಿರುವವನಂತೆ ಕಣ್ಣು ಮುಚ್ಚಿಕೊಂಡೆ.

ರೊಟ್ಟಿ ತಿನ್ನುವ ಹೊತ್ತಿಗೆ ಆತ ನಡುಮನೆಗೆ ಬಂದು ಎಲ್ಲರೆದುರು ತಲೆ ಕೆರೆದುಕೊಂಡ.

‘ಮಾವ, ನೆನ್ನೆ ಎಣಿಕೇಲಿ ನನ್ ಕಡೆಯಿಂದ ತಪ್ಪಾಯ್ತು. ಕತ್ತಲೆ ಕೋಣೆ ನೋಡಿ, ಒಂದ್ ಬಿಳೀ ಕಾಳ್ನ ಕೆಂಪು ಅಂತ ಎಣ್ಸಿವ್ನಿ. ಕಾಳ್ನೆಲ್ಲ ಕೋಳಿಗೂ ಆಕ್ಬುಟ್ಟೆ. ಇನ್ನೊಂದ್ ಸಲ ಆಕ್ಸಿ. ನಂಗೆ ಎಣ್ಸಕ್ಕೆ ಬರಕ್ಕಿಲ್ಲ, ಮೇಷ್ಟ್ರಣ್ಣ ನಡೆಸ್ಲಿ. ನಾನು ಕಾಲುವೆ ಕಡೀಕೆ ಓಯ್ತೀನಿ.’

ಮನೆಯೆಲ್ಲ ಗೊಳ್ಳೆಂದು ನಕ್ಕಿತು. ‘ಎಂಟು ಕಾಳು ಎಣ್ಸಕ್ಕೆ ಬರ್ದೋನು ದೇಶ ಎಂಗ್ಲಾ ಬಿಡಿಸ್ದೆ?’ ಎಂದು ಮಾವ ಹೊಟ್ಟೆ ಹಿಡಿದುಕೊಂಡರು. ಆತನ ಹೆಂಡತಿ ತಲೆ ತಗ್ಗಿಸಿದಳು. ಗೆರೆ ತಪ್ಪದಂತೆ ಮಸಿಬಟ್ಟೆಗೂ ಇಸ್ತ್ರಿ ಮಾಡುವವನು, ಅರ್ಧ ಬೀಡಿಯನ್ನೂ ಬಿಡದೆ ಪಟ್ಟಿ ಕೂಗುವವನು, ‘ನಂಗೆ ಎಣ್ಸಕ್ಕೆ ಬರಕ್ಕಿಲ್ಲ’ ಎಂದು ಹೇಳಿ, ಟವೆಲು ಹೆಗಲಿಗೆ ಹಾಕಿಕೊಂಡು, ಬರಿಗಾಲಲ್ಲಿ ಹೊರಟುಹೋದ.

ಎರಡನೆಯ ಚುನಾವಣೆಗೆ ಅಧಿಕಾರಿ ನಾನು. ಹೊಸದಾಗಿ ಕಾಳು ಹಂಚಿದೆ. ಎಲ್ಲರೂ ಬತ್ತದ ಕೋಣೆಗೆ ನಡೆಯಿರಿ ಎಂದರೆ ದೊಡ್ಡವ್ವ ಒಪ್ಪಲಿಲ್ಲ. ‘ನಮ್ಮನೆ ಮಗೀನ ವಿಚಾರ, ಗುಟ್ಟು ಯಾಕಪ್ಪ? ಮೊರ ತತ್ತಾ ಇಲ್ಲಿ’ ಎಂದರು. ಮೊರವನ್ನು ನಡುವೆ ಇಟ್ಟು ಎಲ್ಲರೂ ಸುತ್ತ ಕೂತೆವು. ದೊಡ್ಡವ್ವ ಕೆಂಪು ಕಾಳು ಎತ್ತಿಕೊಂಡರು.

‘ದೊಡ್ಡವ್ವಾ, ಅದು ಓದ್ಬೇಡ ಅನ್ನೋದು!’ ಎಂದು ನನ್ನ ಹೆಂಡತಿ ಕೂಗಿದಳು.

‘ನಂಗೊತ್ತಿಲ್ವಾ? ಅವ್ಳು ಓದ್ಲಿ ಅಂತ್ಲೇ ನೆನ್ನೇನೂ ಇದ್ನೇ ಆಕಿದ್ದು. ಚಿಕ್ ಮಗೀನ ಬಾಳ್ವೆಗೆ ಬಿಳೀದು ಆಕ್ತಾರಾ? ನನ್ ಸೀರೆ ಬಿಳೀದಾಗಿರೋದು ಸಾಲ್ದಾ?’

ಹವಲ್ದಾರನ ಚುನಾವಣೆಯಲ್ಲಿ ಎಲ್ಲ ಇತ್ತು, ಈ ಮನೆಯ ಮುದುಕಿಗೆ ಬಿಳಿ ಎಂದರೆ ಏನು ಎಂಬುದೊಂದು ಇರಲಿಲ್ಲ. ಅತ್ತೆ ಎದ್ದು ದೇವರ ಗೂಡಿನಿಂದ ಕುಂಕುಮ ತಂದರು. ದೊಡ್ಡವ್ವ ಬಿಳಿಯ ಕಾಳನ್ನು ಕುಂಕುಮದಲ್ಲಿ ಹೊರಳಿಸಿ, ಕಣ್ಣಿಗೆ ಒತ್ತಿಕೊಂಡು, ಮೊರಕ್ಕೆ ಹಾಕಿದರು. ಅತ್ತೆ ಯಾರ ಮುಖವನ್ನೂ ನೋಡದೆ ತಮ್ಮದನ್ನು ಹಾಕಿದರು. ಆಮೇಲೆ ಹೆಣ್ಣುಮಕ್ಕಳು, ಆಮೇಲೆ ನಾನು. ಬಿಳಿ, ಬಿಳಿ, ಬಿಳಿ. ಹಿಂದಿನ ದಿನ ಕೆಂಪು ಹಾಕಿದ್ದೆನೆಂದು ಒಪ್ಪಿಕೊಂಡ ಭಾವಮೈದನೂ ಅಪ್ಪನ ಕಡೆ ಕಳ್ಳನೋಟ ಬೀರಿ ಬಿಳಿಯದನ್ನೇ ಹಾಕಿದ.

ಮಾವ ಬಾಗಿಲ ಕಡೆ ನೋಡಿದರು. ಅಲ್ಲಿ ಬೂಟು ಇರಲಿಲ್ಲ, ಬಾರುಕೋಲು ಇರಲಿಲ್ಲ.

‘ಅವ್ನು ಅಂಗೆ ಪೋಲೀಸ್ನಂಗೆ ನಿಂತ್ಕಂಡ್ರೆ ನಾನು ಊಂ ಅಂತೀನಾ? ಇದು ನಮ್ಮನೆ ಕಣ್ಲಾ’ ಎಂದು ಗೊಣಗಿ, ತಮ್ಮ ಎರಡು ಕಾಳನ್ನೂ ಒಟ್ಟಿಗೆ ಮೊರಕ್ಕೆ ಎಸೆದರು. ‘ಎಲ್ಡೂ ಆಕಿವ್ನಿ. ಓದ್ಲಿ. ಒತ್ತು ಮುಳುಗೋ ಒತ್ಗೆ ಮನೇಲಿರ್ಬೇಕು.’

ಎಂಟು ಮತದಾರರು, ಒಂಬತ್ತು ಕಾಳು! ಇಂಥ ಫಲಿತಾಂಶವನ್ನು ಯಾವ ಚುನಾವಣಾಧಿಕಾರಿಯಾದರೂ ಒಪ್ಪಿದ್ದಾನೆಯೇ? ನಾನು ಒಪ್ಪಿದೆ. ಚಿಕ್ತಾಯಿ ಮೊರದ ಮುಂದೆಯೇ ಮುಖ ಮುಚ್ಚಿಕೊಂಡು ಅತ್ತಳು.

ಆಮೇಲೆ ಎಲ್ಲರೂ ನಿನ್ನೆಯ ಲೆಕ್ಕ ಹಾಕಲು ಕೂತರು. ಕೆಂಪು ಹಾಕಿದವರು ಮಾವ, ಭಾವಮೈದ, ತಿಳಿಯದೆ ದೊಡ್ಡವ್ವ. ಮೂರೇ ಆಯಿತು. ಹಾಗಾದರೆ ನಾಲ್ಕನೆಯ ಕೆಂಪು? ‘ಅದೇ, ಹವಲ್ದಾರ್ರು ತಪ್ಪು ಎಣ್ಸಿದ್ದು!’ ಎಂದಳು ನನ್ನ ಹೆಂಡತಿ. ಎಲ್ಲರೂ ಮತ್ತೆ ನಕ್ಕರು. ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ ನಕ್ಕೆ.

ಸಂಜೆ ಹೆಂಗಸರನ್ನು ಹೊಳಲಿನಲ್ಲೇ ಬಿಟ್ಟು, ಹವಲ್ದಾರನೂ ನಾನೂ ಮಂಡ್ಯದಿಂದ ಒಂದೇ ಬಸ್ಸು ಹತ್ತಿದೆವು. ಆತ ಮದ್ದೂರಿನವರೆಗೆ, ನಾನು ಮುಂದೆ ಮಳವಳ್ಳಿಗೆ. ಪಕ್ಕಪಕ್ಕದಲ್ಲಿ ಕೂತು ಬಹಳ ಹೊತ್ತು ಕಬ್ಬಿನ ಗದ್ದೆ ನೋಡಿದೆವು. ಜೇಬಿನಲ್ಲಿ ಆ ಕಾಳು ಇತ್ತು.

‘ವಾದದಲ್ಲಿ ನೀವೇ ಗೆದ್ರಿ ಕಣಣ್ಣ’ ಎಂದ ಆತ. ‘ಆ ಮುದುಕಿ ಕಥೆ ಏಳ್ತೀನಲ್ಲ, ಪುರಿ ಕೊಟ್ಳು ಅಂತ. ಅಲ್ಗೇ ಮುಗೀನಿಲ್ಲ ಅದು. ಪುರಿ ತಿಂದಾದ್ಮೇಕೆ ನನ್ ಕಡೆ ಕೈ ತೋರ್ಸುದ್ಲು, ಆಮೇಕೆ ರಸ್ತೆ ಕಡೆ ತೋರ್ಸುದ್ಲು, ಉಬ್ಬು ಏರ್ಸುದ್ಲು. ನೀನ್ ಯಾವಾಗ್ ಓಯ್ತೀಯಾ ಅಂತ. ಭಾಷೆ ಬರ್ದಿದ್ರೂ ತಿಳೀತು. ಮೊದ್ಲು ಬೇಜಾರಾಯ್ತು. ಆಮೇಕೆ ನಮ್ಮವ್ವನ್ನ ನೆನುಸ್ಕಂಡೆ. ನಮ್ಮೂರಲ್ಲಿ ಯಾವನೋ ಬಂದೂಕು ಇಟ್ಕಂಡು ನಿಂತಿದ್ರೆ, ಅವ್ನು ಎಷ್ಟೇ ಒಳ್ಳೇವ್ನಾಗಿರ್ಲಿ, ಅವ್ವನೂ ಅಂಗೇ ಕೇಳೋಳು.’

‘ಇದನ್ನ ಜಗಲೀಲಿ ಯಾಕ್ ಹೇಳಲ್ಲ?’

‘ಅತ್ತೆ ಮಜ್ಜಿಗೆ ತತ್ತಾರಲ್ಲಣ್ಣ’ ಎಂದು ನಕ್ಕುಬಿಟ್ಟ.

ಮದ್ದೂರು ಬಂತು. ನಾನು ಬಾ‍ಯಿ ತೆರೆದೆ. ‘ಹವಲ್ದಾರ್ರೇ, ಆ ಕಾಳು…’

‘ಯಾವ್ ಕಾಳಣ್ಣ?’ ಎಂದು ಇಳಿದೇ ಹೋದ. ಬಸ್ಸು ಹೊರಡುವ ಮುಂಚೆ ಕಿಟಕಿಯಿಂದ ಒಂದು ಬಿಸಿ ಪೊಟ್ಟಣ ನನ್ನ ತೊಡೆಯ ಮೇಲೆ ಬಿತ್ತು.

ಇದೆಲ್ಲ ಆಗಿ ಆರು ವರ್ಷವಾಯಿತು. ಚಿಕ್ತಾಯಿ ಪಿಯುಸಿ ಮುಗಿಸಿ, ತರಬೇತಿ ಮುಗಿಸಿ, ಈಗ ಅವಳೇ ಮೇಷ್ಟ್ರಮ್ಮ. ಹೋದ ತಿಂಗಳು ಎಲ್ಲರೂ ಹೊಳಲಿನಲ್ಲಿ ಸೇರಿದ್ದಾಗ ಅವಳು ಒಂದು ಹಿಡಿ ಅಲಸಂದೆ ತಂದು ಆತನ ಮುಂದೆ ಸುರಿದು, ‘ಮಿಲ್ಟ್ರಿ ಭಾವ, ಎಲ್ಲಿ, ಎಂಟು ಎಣ್ಸಿ ನೋಡಣ’ ಎಂದಳು. ಆರು ವರ್ಷದಿಂದ ಆ ಮನೆಯಲ್ಲಿ ನಡೆಯುತ್ತಿರುವ ತಮಾಷೆ ಇದು, ಮಕ್ಕಳಿಗೂ ಗೊತ್ತು. ಆತ ಒಂದು, ಎರಡು ಎಂದು ಗಂಭೀರವಾಗಿ ಶುರುಮಾಡಿ, ಏಳಾದ ಮೇಲೆ ಒಂಬತ್ತಕ್ಕೆ ಹಾರಿದ. ಮಕ್ಕಳು ನೆಲದ ಮೇಲೆ ಬಿದ್ದು ನಕ್ಕವು. ಆತನ ತಲೆಯಲ್ಲಿ ಈಗ ಬಿಳಿ ಕೂದಲೇ ಹೆಚ್ಚು. ನಗುವಿನ ನಡುವೆ ಒಮ್ಮೆ ಮಾತ್ರ ನನ್ನ ಕಡೆ ನೋಡಿ, ಬೇಗ ಬೇರೆ ಕಡೆ ತಿರುಗಿದ, ನಾನು ನಾಚಿಕೊಳ್ಳಬಾರದೆಂದು.

ನಲ್ಲಿಮೂಳೆ ಈಗಲೂ ಆತನ ತಟ್ಟೆಗೇ ಬೀಳುತ್ತದೆ. ನನಗೆ ಆತನ ಮೇಲೆ ಈಗಲೂ ಹೊಟ್ಟೆಕಿಚ್ಚೇ. ಆದರೆ ಮೂಳೆಗಲ್ಲ, ಮಜ್ಜಿಗೆಗಲ್ಲ, ದೇಶ ಬಿಡಿಸಿದ್ದಕ್ಕೂ ಅಲ್ಲ. ನನ್ನಂಥವನಿಗಾಗಿ ಆರು ವರ್ಷ ದಡ್ಡನೆನಿಸಿಕೊಂಡು ನಗುತ್ತ ಕೂರುವುದು ನನ್ನಿಂದ ಆಗುತ್ತಿರಲಿಲ್ಲವಲ್ಲ, ಅದಕ್ಕೆ.

ಚಿಕ್ತಾಯಿ, ನಿನ್ನ ಮಿಲ್ಟ್ರಿ ಭಾವನಿಗೆ ಎಣಿಸಲು ಬರುತ್ತದೆ ಕಣಮ್ಮ. ನಾಲ್ಕನೆಯ ಕೆಂಪು ಕಾಳು ನನ್ನದು.